ಸಂಜೆಯ ಅಳು

ಹಗಲೆಲ್ಲ ಹಾಲುಂಡು ನೆಮ್ಮದಿಯಿಂದ ಮಲಗಿದ್ದ ತಿಂಗಳ ಕೂಸು ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಅಳಲಾರಂಭಿಸುತ್ತದೆ. ಮುಖ ಕೆಂಪೇರುತ್ತದೆ, ಮುಷ್ಟಿ ಬಿಗಿಯುತ್ತದೆ, ಮೊಣಕಾಲುಗಳು ಹೊಟ್ಟೆಯತ್ತ ಮಡಿಚಿಕೊಳ್ಳುತ್ತವೆ. ಹಾಲೂಡಿಸಿದರೂ, ತೊಟ್ಟಿಲು ತೂಗಿದರೂ ಅಳು ನಿಲ್ಲದು. ಹಿರಿಯರಲ್ಲಿ ಒಬ್ಬರು ದೃಷ್ಟಿಯಾಗಿದೆ ಎನ್ನುತ್ತಾರೆ; ಮತ್ತೊಬ್ಬರು ವಾಯುಬಾಧೆ ಎನ್ನುತ್ತಾರೆ; ಮೂರನೆಯವರ ನೋಟ ಬಾಣಂತಿಯ ಊಟದ ತಟ್ಟೆಯ ಮೇಲೆ ಬೀಳುತ್ತದೆ. ತೀರ್ಪು ಯಾವುದಾದರೂ ಅಪರಾಧಿಯಾಗಿ ನಿಲ್ಲುವವಳು ತಾಯಿ.

ವೈದ್ಯರು ಇದನ್ನು ‘ಕಾಲಿಕ್’ ಎನ್ನುತ್ತಾರೆ. 1954ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಮಾರಿಸ್ ವೆಸೆಲ್ ಮತ್ತು ಅವರ ಸಂಗಡಿಗರು ಇದನ್ನು ಗುರುತಿಸಲು ಮೂರರ ಸೂತ್ರವೊಂದನ್ನು ಕೊಟ್ಟರು. ಉಳಿದಂತೆ ಆರೋಗ್ಯವಾಗಿರುವ ಶಿಶು ದಿನಕ್ಕೆ 3 ಗಂಟೆಗಿಂತ ಹೆಚ್ಚು, ವಾರಕ್ಕೆ 3 ದಿನಗಳಿಗಿಂತ ಹೆಚ್ಚು, 3 ವಾರಗಳಿಗೂ ಮೀರಿ ಅತ್ತರೆ ಅದು ಕಾಲಿಕ್. 1962ರಲ್ಲಿ ಬ್ರೇಝಲ್ಟನ್ ಎಂಬ ವೈದ್ಯರು 80 ಶಿಶುಗಳ ಅಳುವಿನ ದಿನಚರಿಯನ್ನು ತಾಯಂದಿರಿಂದಲೇ ಬರೆಸಿದರು. ಸಾಮಾನ್ಯ ಶಿಶುಗಳ ಅಳುವೂ ಆರನೆಯ ವಾರದಲ್ಲಿ ದಿನಕ್ಕೆ ಸುಮಾರು ಎರಡೂಮುಕ್ಕಾಲು ಗಂಟೆಗೇರಿ, ಅನಂತರ ಇಳಿಯುವುದೆಂದು ಅದರಿಂದ ತಿಳಿದುಬಂತು. ಕಾಲಿಕ್ ಕೂಡ ಬಹುಮಟ್ಟಿಗೆ ಇದೇ ಏರಿಳಿತವನ್ನು ಅನುಸರಿಸಿ, ಮೂರು ನಾಲ್ಕು ತಿಂಗಳಲ್ಲಿ ತಾನಾಗಿಯೇ ಶಮನವಾಗುತ್ತದೆ.

ಇದರ ಕಾರಣ ಮಾತ್ರ ಇಂದಿಗೂ ನಿಶ್ಚಿತವಾಗಿಲ್ಲ. ಅಳುವಾಗ ಕೂಸು ಗಾಳಿ ನುಂಗುತ್ತದೆ. ಆದುದರಿಂದ ಹೊಟ್ಟೆಯುಬ್ಬರ ಅಳುವಿನ ಕಾರಣವಾಗಿರದೆ ಫಲವಾಗಿರಲೂಬಹುದು. 1851ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಗ್ರೈಪ್ ವಾಟರ್ ನಮ್ಮ ಮನೆಗಳಲ್ಲೂ ಮನೆಮಾತಾಯಿತು. ಅದರ ಹಳೆಯ ಪಾಕದಲ್ಲಿ ಸಕ್ಕರೆ, ಸೋಡಾಗಳ ಜೊತೆಗೆ ಮದ್ಯಸಾರವೂ ಇದ್ದಿತು! ಅದು ಕಾಲಿಕ್ಕನ್ನು ಗುಣಪಡಿಸುವುದೆಂಬುದಕ್ಕೆ ತಕ್ಕ ಆಧಾರ ದೊರೆತಿಲ್ಲ. ಮೊದಲ ಆರು ತಿಂಗಳು ಕೂಸಿಗೆ ಎದೆಹಾಲೇ ಸಾಕು. ಓಮದ ನೀರು, ತೇದ ಬಜೆ ಬೇಡ. ವರ್ಷ ತುಂಬುವವರೆಗೆ ಜೇನು ಅಪಾಯಕಾರಿ. ಬಾಣಂತಿಯನ್ನು ಸಾರು ಅನ್ನಕ್ಕೆ ಕಟ್ಟಿಹಾಕುವುದೂ ಅನಗತ್ಯ. ಹಸುವಿನ ಹಾಲಿನ ಅಂಶ ಕೆಲವೇ ಶಿಶುಗಳಿಗೆ ಒಗ್ಗುವುದಿಲ್ಲ. ಅದನ್ನು ನಿರ್ಣಯಿಸಬೇಕಾದವರು ವೈದ್ಯರು.

ಹಾಗಾದರೆ ಮಾಡಬೇಕಾದುದೇನು? ಹಾಲೂಡಿಸಿದ ಮೇಲೆ ಹೆಗಲಿಗೊರಗಿಸಿ ತೇಗು ಬರಿಸುವುದು, ಎದೆಗವಚಿಕೊಂಡು ಮೆಲ್ಲನೆ ಅಡ್ಡಾಡುವುದು, ದೀಪವನ್ನು ಮಂದಗೊಳಿಸುವುದು, ಒಂದೇ ಲಯದಲ್ಲಿ ಗುನುಗುವುದು. ಒಂದು ದಿನ ಫಲಿಸಿದ ಉಪಾಯ ಮರುದಿನ ಫಲಿಸದಿರಬಹುದು. ಅದು ತಾಯಿಯ ಸೋಲಲ್ಲ.

ಅತ್ಯಂತ ಎಚ್ಚರ ಬೇಕಾದುದು ದೊಡ್ಡವರ ತಾಳ್ಮೆ ಮುಗಿಯುವ ಗಳಿಗೆಯಲ್ಲಿ. ಅಳು ನಿಲ್ಲಿಸಲೆಂದು ಕೂಸನ್ನು ಬಲವಾಗಿ ಕುಲುಕಿದರೆ ಮಿದುಳಿನ ಹೊದಿಕೆಯಡಿ ರಕ್ತಸ್ರಾವವಾಗಬಹುದೆಂದು 1971ರಲ್ಲಿ ಬ್ರಿಟನ್ನಿನ ಶಸ್ತ್ರವೈದ್ಯ ಗಥ್‌ಕೆಲ್ಚ್ ಎಚ್ಚರಿಸಿದರು. ಅದರಿಂದ ದೃಷ್ಟಿ ಹೋಗಬಹುದು, ಜೀವವೇ ಹೋಗಬಹುದು. ಸಹನೆ ಮೀರಿದಾಗ ಕೂಸನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ, ಕೆಲವು ನಿಮಿಷ ಪಕ್ಕದ ಕೋಣೆಗೆ ಹೋಗಿ ಉಸಿರು ಸುಧಾರಿಸಿಕೊಳ್ಳುವುದು ನಿರ್ದಯೆಯಲ್ಲ, ವಿವೇಕ.

ಎಲ್ಲ ಅಳುವೂ ಕಾಲಿಕ್ ಅಲ್ಲವೆಂಬುದನ್ನೂ ಮರೆಯಬಾರದು. 100.4 ಡಿಗ್ರಿ ಫ್ಯಾರನ್‌ಹೀಟ್ ಅಥವಾ ಅದಕ್ಕೂ ಹೆಚ್ಚಿನ ಜ್ವರ, ಹಸುರು ವಾಂತಿ, ಮಲದಲ್ಲಿ ರಕ್ತ, ಹಾಲೊಲ್ಲದಿರುವುದು, ಎಬ್ಬಿಸಿದರೂ ಏಳದ ಮಂಪರು, ಇವುಗಳಲ್ಲಿ ಒಂದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು. ತೂಕ ಏರದಿದ್ದರೂ ತೋರಿಸಬೇಕು.

ಮಿಕ್ಕ ಸಂಜೆಗಳಿಗೆ ಬೇಕಾದುದು ಕೈಬದಲು. ಕೆಲಸದಿಂದ ಬಂದ ತಂದೆ ಒಂದು ಗಂಟೆ ಕೂಸನ್ನೆತ್ತಿಕೊಳ್ಳಲಿ. ಅಜ್ಜಿ ‘ಏನು ತಿಂದೆ?’ ಎಂದು ಕೇಳುವ ಬದಲು ‘ನೀನು ಮಲಗು, ನಾನು ನೋಡಿಕೊಳ್ಳುತ್ತೇನೆ’ ಎನ್ನಲಿ. ಕೂಸಿನ ಅಳು ಮೂರು ನಾಲ್ಕು ತಿಂಗಳಲ್ಲಿ ಮರೆತುಹೋಗುತ್ತದೆ; ಆ ದಿನಗಳಲ್ಲಿ ಕೇಳಿದ ಕಟುನುಡಿಯನ್ನು ತಾಯಿ ಅಷ್ಟು ಬೇಗ ಮರೆಯಲಾರಳು.