ಲೂಪಸ್ ರೋಗಿಯ ಚರ್ಮದ ಮೇಲೆ ಕೆಂಪು ಚುಕ್ಕೆ

ರೋಗಾಣುಗಳನ್ನು ಎದುರಿಸಬೇಕಾದ ಪ್ರತಿಕಾಯಗಳು ಸ್ವಂತ ದೇಹದ ಮೇಲೆಯೇ ದಾಳಿ ಮಾಡಿದಾಗ ಉಂಟಾಗುವ ರೋಗಗಳಲ್ಲಿ ಲೂಪಸ್ ಒಂದು. ಈ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಮಹಿಳೆಯರು. ಕೆನ್ನೆ, ಮೂಗಿನ ಮೇಲೆ ಚಿಟ್ಟೆಯಾಕಾರದಲ್ಲಿ ಹರಡುವ ಕೆಂಪು ದದ್ದು, ಕೀಲುನೋವು, ಜ್ವರ ಮತ್ತು ಆಯಾಸ ಇದರ ಪರಿಚಿತ ಲಕ್ಷಣಗಳು. ಕೆಲವರ ಕಾಲುಗಳ ಮೇಲೆ ಸೂಜಿಮೊನೆಯಷ್ಟು ಸಣ್ಣ ಕೆಂಪು ಚುಕ್ಕೆಗಳೂ ಕಾಣಿಸಿಕೊಳ್ಳುತ್ತವೆ. ಗಾಜಿನ ಲೋಟವನ್ನು ಅವುಗಳ ಮೇಲೆ ಒತ್ತಿದರೂ ಬಣ್ಣ ಮಾಸುವುದಿಲ್ಲ. ಏಕೆಂದರೆ ಅಲ್ಲಿ ರಕ್ತವು ಲೋಮನಾಳದಿಂದ ಹೊರಗೆ ಸೋರಿರುತ್ತದೆ.

ಹೀಗೆ ಸೋರದಂತೆ ತಡೆಯುವುದು, ಡೆಂಗಿ ಜ್ವರದಿಂದಾಗಿ ನಮಗೆಲ್ಲ ಪರಿಚಿತವಾಗಿರುವ ಪ್ಲೇಟ್‌ಲೆಟ್‌ಗಳು. ಒಂದು ಘನ ಮಿಲಿಮೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 1.5ರಿಂದ 4.5 ಲಕ್ಷದಷ್ಟಿರುತ್ತವೆ. ಲೂಪಸ್‌ನಲ್ಲಿ ಈ ಸಂಖ್ಯೆ ಕುಸಿಯಲು ಹಲವು ಕಾರಣಗಳಿವೆ. ಅವುಗಳಲ್ಲಿ ಎರಡನ್ನು ಬೇರ್ಪಡಿಸಿ ಗುರುತಿಸುವುದು ಬಹಳ ಮುಖ್ಯ.

ಮೊದಲನೆಯದು ಹೆಚ್ಚಾಗಿ ಕಾಣುವಂಥದ್ದು. ಪ್ರತಿಕಾಯಗಳು ಪ್ಲೇಟ್‌ಲೆಟ್‌ಗಳಿಗೆ ಅಂಟಿಕೊಳ್ಳುತ್ತವೆ; ಅಂಥವನ್ನು ಗುಲ್ಮವು ನಾಶ ಮಾಡುತ್ತದೆ. ಸ್ಟೀರಾಯ್ಡ್ ಔಷಧಗಳಿಂದ ಇದನ್ನು ಸಾಮಾನ್ಯವಾಗಿ ಹತೋಟಿಗೆ ತರಬಹುದು.

ಎರಡನೆಯದು ಅಪರೂಪ, ಆದರೆ ಮಾರಕ. ಇದರ ಹೆಸರು ಥ್ರಾಂಬೊಟಿಕ್ ಥ್ರಾಂಬೊಸೈಟೊಪೀನಿಕ್ ಪರ್ಪುರಾ, ಸಂಕ್ಷಿಪ್ತವಾಗಿ ಟಿಟಿಪಿ. ನ್ಯೂಯಾರ್ಕಿನ ವೈದ್ಯ ಎಲಿ ಮಾಷ್ಕೋವಿಟ್ಜ್ 1924ರಲ್ಲಿ, 16 ವರ್ಷದ ಹುಡುಗಿಯೊಬ್ಬಳಲ್ಲಿ ಇದನ್ನು ಮೊದಲ ಬಾರಿಗೆ ವಿವರಿಸಿದರು. ರಕ್ತದಲ್ಲಿ ವಾನ್ ವಿಲ್ಲೆಬ್ರಾಂಡ್ ಅಂಶವೆಂಬ ಅಂಟುಗುಣದ ಉದ್ದನೆಯ ಪ್ರೋಟೀನ್ ಎಳೆಗಳಿವೆ. ಅವನ್ನು ತುಂಡರಿಸಲು ಆಡಮ್‌ಟಿಎಸ್-13 ಎಂಬ ಕಿಣ್ವವಿದೆ. ಪ್ರತಿಕಾಯಗಳು ಈ ಕಿಣ್ವವನ್ನೇ ತಡೆದರೆ ಎಳೆಗಳು ಉದ್ದವಾಗಿಯೇ ಉಳಿದು, ಪ್ಲೇಟ್‌ಲೆಟ್‌ಗಳು ಅವುಗಳಿಗೆ ಅಂಟಿಕೊಂಡು, ಮಿದುಳು, ಹೃದಯ, ಮೂತ್ರಪಿಂಡಗಳ ಕಿರುನಾಳಗಳಲ್ಲಿ ಗರಣೆಗಟ್ಟುತ್ತವೆ. ಅವುಗಳ ನಡುವೆ ನುಸುಳುವ ಕೆಂಪು ರಕ್ತಕಣಗಳು ಹರಿದು ಚೂರಾಗುತ್ತವೆ.

ಅಂದರೆ ಇಲ್ಲಿ ಪ್ಲೇಟ್‌ಲೆಟ್‌ ಕಡಿಮೆಯಾಗುವುದು ರಕ್ತ ಹೆಪ್ಪುಗಟ್ಟುವುದರಿಂದ! ಆದ್ದರಿಂದಲೇ, ಪ್ರಾಣಾಪಾಯದ ರಕ್ತಸ್ರಾವವಿಲ್ಲದಿದ್ದರೆ, ಟಿಟಿಪಿ ರೋಗಿಗೆ ಹೊರಗಿನಿಂದ ಪ್ಲೇಟ್‌ಲೆಟ್‌ ಕೊಡುವುದಿಲ್ಲ. ರೋಗಿಯ ಪ್ಲಾಸ್ಮಾವನ್ನು ಯಂತ್ರದ ಮೂಲಕ ತೆಗೆದು, ದಾನಿಗಳ ಪ್ಲಾಸ್ಮಾ ತುಂಬುತ್ತಾರೆ. ಇದರಿಂದ ಕೆಡುಕಿನ ಪ್ರತಿಕಾಯಗಳು ಹೊರಹೋಗಿ, ಬೇಕಾದ ಕಿಣ್ವ ಒಳಬರುತ್ತದೆ. ಜೊತೆಗೆ ಸ್ಟೀರಾಯ್ಡನ್ನೂ ಕೊಡುತ್ತಾರೆ. ಪ್ಲಾಸ್ಮಾ ವಿನಿಮಯ ಬರುವ ಮುನ್ನ ನೂರಕ್ಕೆ ಸುಮಾರು 90 ರೋಗಿಗಳು ಸಾಯುತ್ತಿದ್ದರು. ಈಗ ಸಕಾಲಕ್ಕೆ ಚಿಕಿತ್ಸೆ ದೊರೆತ ಹೆಚ್ಚಿನವರು ಬದುಕುತ್ತಾರೆ.

ಇವೆರಡನ್ನು ಬೇರ್ಪಡಿಸುವ ಮೊದಲ ಸುಳಿವು ಸಿಗುವುದು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ. ಗಾಜಿನ ಪಟ್ಟಿಯ ಮೇಲೆ ಸವರಿದ ರಕ್ತದ ಹನಿಯಲ್ಲಿ ಶಿರಸ್ತ್ರಾಣದಾಕಾರದ ಕೆಂಪುಕಣದ ಚೂರುಗಳು ಕಂಡರೆ ಟಿಟಿಪಿಯನ್ನು ಶಂಕಿಸಬೇಕು. ಲೂಪಸ್ ಇರುವವರಿಗೆ ಹೊಸದಾಗಿ ಇಂಥ ಚುಕ್ಕೆಗಳು ಮೂಡಿ, ಜೊತೆಗೆ ಗೊಂದಲ, ಮಾತಿನ ತೊದಲು, ಕಣ್ಣು ಹಳದಿಯಾಗುವುದು ಅಥವಾ ಮೂತ್ರ ಕಪ್ಪಾಗುವುದು ಕಂಡುಬಂದರೆ ಮರುದಿನಕ್ಕೆ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು. ಲೂಪಸ್ ಇದೆಯೆಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು.