ಗಂಧವೂ ಅದರ ನೆರೆಯೂ
ಪರಿಮಳವನ್ನು ನಂಬಿ ಕಾಡಿನಲ್ಲಿ ಶ್ರೀಗಂಧವನ್ನು ಹುಡುಕಹೊರಟರೆ ನಾವು ಬರಿಗೈಯಲ್ಲಿ ಮರಳಬೇಕಾದೀತು. ಅದರ ಎಲೆಗಾಗಲಿ ತೊಗಟೆಗಾಗಲಿ ಕಂಪಿಲ್ಲ. ಕಂಪಿರುವುದು ಬಲಿತ ಮರದ ಚೇಗಿನಲ್ಲಿ, ಬೇರಿನಲ್ಲಿ. ಆದುದರಿಂದ ಕಣ್ಣನ್ನೇ ನೆಚ್ಚಬೇಕು: ಎದುರುಬದುರಾಗಿ ಜೋಡಿಗೂಡಿದ ನುಣುಪಾದ ಎಲೆ, ಮೊದಲು ನಸುಹಳದಿಯಾಗಿದ್ದು ಬಳಿಕ ಕೆಂಗಂದಾಗುವ ಚಿಕ್ಕ ಹೂ, ಕಪ್ಪಾಗಿ ಮಾಗುವ ಹಣ್ಣು.

2001ರ ಕಾನೂನು ತಿದ್ದುಪಡಿಯಿಂದ ಕರ್ನಾಟಕದಲ್ಲಿ ಜಮೀನಿನ ಗಂಧವು ಜಮೀನಿನ ಒಡೆಯನದೇ ಆಗಿರುವುದರಿಂದ, ಈ ಗುರುತು ಅರಣ್ಯಾಧಿಕಾರಿಗಳಿಗಷ್ಟೇ ಸಾಲದು. ಆದರೆ ಗಂಧವೊಂದನ್ನೇ ಬಲ್ಲವನು ಅರ್ಧವನ್ನು ಮಾತ್ರ ಬಲ್ಲನು. ಆ ಮರವು ತನ್ನ ಬೇರನ್ನು ನೆರೆಗಿಡಗಳ ಬೇರಿಗೆ ಅಂಟಿಸಿ ನೀರನ್ನೂ ಲವಣಗಳನ್ನೂ ಹೀರುತ್ತದೆ. ಪೂರ್ಣ ಪರಾವಲಂಬಿಯೆನ್ನುವಂತಿಲ್ಲ, ಎಲೆ ಹಸುರಾಗಿಯೇ ಇದೆಯಷ್ಟೆ! ಹೊಂಗೆ, ಜಾಲಿಗಳು ಅದಕ್ಕೆ ಆಶ್ರಯ. ಇವನ್ನು ಗುರುತಿಸಲಾರದೆ ಕಳೆಯೆಂದು ಸವರಿಸುವ ಒಡೆಯನು ತಾನು ಕಾಯಬಯಸಿದ ಮರದ ಅನ್ನವನ್ನೇ ಕಡಿಸುತ್ತಾನೆ. ಗಂಧದ ಎಳೆಯ ಸಸಿಯ ಮಗ್ಗುಲಲ್ಲಿ ತೊಗರಿಯನ್ನು ಬಿತ್ತುವುದೂ ಈ ಕಾರಣದಿಂದಲೇ.