ಚಾವಣಿ ಅಳೆದ ಮಕ್ಕಳು

ಹಲ್ಲುಜ್ಜುವಾಗ ನಲ್ಲಿ ನಿಲ್ಲಿಸಿ ಎಂದು ನಮ್ಮ ಎಂಟನೇ ತರಗತಿಯವರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ನಮ್ಮದು ಬೆಂಗಳೂರಿನ ಹೊರವಲಯದ ಸರ್ಕಾರಿ ಪ್ರೌಢಶಾಲೆ. ಎಷ್ಟೋ ಮಕ್ಕಳ ಮನೆಯೊಳಗೆ ನಲ್ಲಿಯೇ ಇಲ್ಲ. ಟ್ಯಾಂಕರ್ ಬಂದ ಸದ್ದಿಗೆ ಬಿಂದಿಗೆ ಹಿಡಿದು ಓಡುವವರು, ಒಂದೇ ಬಕೆಟ್ಟಿನಲ್ಲಿ ಇಬ್ಬರು ಸ್ನಾನ ಮುಗಿಸಿ ಬರುವವರು. ಇವರಿಗೆ ಮಿತವ್ಯಯವನ್ನು ನಾನು ಕಲಿಸುವುದೇ? ವಿಜ್ಞಾನದ ಟೀಚರಾಗಿ ನಾನು ಕೊಡಬಹುದಾದದ್ದು ಲೆಕ್ಕ. ಈ ಊರಿಗೆ ನೀರು ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ, ಯಾರ ಮನೆ ಮುಟ್ಟುತ್ತದೆ, ಎಲ್ಲಿ ಸೋರಿಹೋಗುತ್ತದೆ ಎಂಬ ಲೆಕ್ಕ. ಅದನ್ನು ಕಲಿಸಲು ಪಠ್ಯಪುಸ್ತಕ ಸಾಲದು. ಊರೂ ಶಾಲೆಯ ಜೊತೆ ನಿಲ್ಲಬೇಕು.

ಮೊದಲು ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆಸುತ್ತೇನೆ. ಒಂದು ತುದಿಯಲ್ಲಿ ಕಾವೇರಿ ನೀರು ನಮ್ಮತ್ತ ಹೊರಡುವ ತೊರೆಕಾಡನಹಳ್ಳಿ, ಇನ್ನೊಂದು ತುದಿಯಲ್ಲಿ ನಮ್ಮ ಶಾಲೆ. ಕಾವೇರಿ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, ಸುಮಾರು 500 ಮೀಟರ್ ಎತ್ತರಕ್ಕೆ ಹಂತ ಹಂತವಾಗಿ ಪಂಪ್ ಆಗಿ ಬೆಂಗಳೂರು ಸೇರುತ್ತದೆ. ಮೊದಲ ಹಂತದ ನೀರು ಬಂದದ್ದು 1974ರಲ್ಲಿ. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತದ್ದು ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯ. ನಗರಕ್ಕೆ ಸೇರಿಕೊಂಡ 110 ಹಳ್ಳಿಗಳಿಗಾಗಿಯೇ ಮಾಡಿದ ಯೋಜನೆ. ಅದೇ ವರ್ಷದ ಬೇಸಿಗೆಯಲ್ಲಿ ಊರಿನ ಸಾವಿರಾರು ಕೊಳವೆಬಾವಿಗಳು ಬತ್ತಿ, ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿದ್ದು ಮಕ್ಕಳಿಗೆ ಚೆನ್ನಾಗಿ ನೆನಪಿದೆ. ಅವರಲ್ಲಿ ಹಲವರ ತಾಯಂದಿರು ಆ ಕಾರುಗಳಿರುವ ಮನೆಗಳಲ್ಲೇ ಕೆಲಸ ಮಾಡುತ್ತಾರೆ.

ಆಮೇಲೆ ಬಸ್ಸು ಹತ್ತಿ ಜಯನಗರ 5ನೇ ಬ್ಲಾಕ್. ಅಲ್ಲಿರುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್, ಜಲಮಂಡಳಿಯೂ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯೂ ಸೇರಿ ಮಾಡಿದ ಒಳ್ಳೆಯ ಕೆಲಸ. ಚಾವಣಿಯ ನೀರು ಪೈಪಿನಲ್ಲಿ ಇಳಿದು, ಸೋಸಿ, ಸಂಪಿಗೋ ಇಂಗುಗುಂಡಿಗೋ ಹೋಗುವ ಬಗೆಬಗೆಯ ಮಾದರಿಗಳು ಕಣ್ಣೆದುರಿಗೇ ಇವೆ. ಆ ವಿಜ್ಞಾನ ಮಂಡಳಿಯಲ್ಲಿದ್ದ ಎ.ಆರ್. ಶಿವಕುಮಾರ್ ಅವರು ವಿಜಯನಗರದ ತಮ್ಮ ಮನೆಯನ್ನು 1995ರಿಂದ ಮಳೆನೀರಿನಲ್ಲೇ ನಡೆಸಿಕೊಂಡು ಬಂದ ಸಂಗತಿ ಹೇಳಿದಾಗ ಒಬ್ಬ ಹುಡುಗಿ ತಕ್ಷಣ ಕೇಳಿದಳು: "ಮಿಸ್, ನಮ್ಮ ಸ್ಕೂಲ್ ಮೇಲೂ ಅದೇ ಮಳೆ ತಾನೇ ಬೀಳೋದು?"

ಮರುದಿನ ಟೇಪು ಹಿಡಿದು ಕಟ್ಟಡದ ಉದ್ದಗಲ ಅಳೆದೆವು. ಚಾವಣಿ ಹತ್ತಿರಹತ್ತಿರ 500 ಚದರ ಮೀಟರ್. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಬೆಂಗಳೂರಿನ ವಾರ್ಷಿಕ ಸರಾಸರಿ ಮಳೆ ಸುಮಾರು 970 ಮಿಲಿಮೀಟರ್. ಗುಣಿಸಿದರೆ 4,85,000 ಲೀಟರ್. ಆವಿಯಾಗಿದ್ದು, ಚೆಲ್ಲಿಹೋಗಿದ್ದು ಕಳೆದು ನೂರಕ್ಕೆ 80 ಹಿಡಿದರೂ 3,88,000. ಕರಿಹಲಗೆಯ ಮೇಲೆ ಆ ಸಂಖ್ಯೆ ಮೂಡಿದಾಗ ಹಿಂದಿನ ಬೆಂಚಿನವರೂ ಎದ್ದು ಮುಂದೆ ಬಂದರು. ಇನ್ನೊಂದು ಗುಂಪು ಕೈತೊಳೆಯುವ ಕಡೆಯ ಸೋರುವ ನಲ್ಲಿಗೆ ಅಳತೆ ಜಾಡಿ ಒಡ್ಡಿತ್ತು. ನಿಮಿಷಕ್ಕೆ 15 ಮಿಲಿಲೀಟರ್, ದಿನಕ್ಕೆ 21 ಲೀಟರ್ ಮೀರುತ್ತದೆ. ಶೌಚಾಲಯದಲ್ಲಿ ನೀರಿರುವುದಿಲ್ಲ ಎಂದು ಬೆಳಗಿನಿಂದ ಬಾಟಲಿ ಮುಟ್ಟದ ಹುಡುಗಿಯರು ನನ್ನ ತರಗತಿಯಲ್ಲಿದ್ದಾರೆ. ಆ 21 ಲೀಟರ್ ಏನೆಂದು ಅವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಐದು ರೂಪಾಯಿಯ ವಾಷರ್ ಮಧ್ಯಾಹ್ನದೊಳಗೆ ಬಂತು.

ಸಹಭಾಗಿತ್ವ ಎಂದರೆ ನಮ್ಮಲ್ಲಿ ಬಹುಪಾಲು ಮಾರ್ಚ್ 22ರ ವಿಶ್ವ ಜಲದಿನಕ್ಕೊಂದು ಚಿತ್ರಕಲಾ ಸ್ಪರ್ಧೆ, ಒಂದು ಬ್ಯಾನರು. ಹಿಂದೆ ಒಂದು ಕಂಪನಿಯವರು ನಮಗೆ ಮಳೆನೀರಿನ ಟ್ಯಾಂಕು ಕೂರಿಸಿ ಫೋಟೋ ತೆಗೆಸಿಕೊಂಡು ಹೋದರು. ಎರಡನೇ ಮಳೆಗಾಲಕ್ಕೆ ಫಿಲ್ಟರಿನಲ್ಲಿ ಹೊಂಗೆ ಎಲೆ ಕಟ್ಟಿಕೊಂಡಿತು. ಬಿಚ್ಚುವುದು ಹೇಗೆಂದು ಶಾಲೆಯಲ್ಲಿ ಯಾರಿಗೂ ತೋರಿಸಿರಲಿಲ್ಲ. ಕರೆ ಮಾಡಿದರೆ ಆ ಯೋಜನೆ ಮುಗಿದಿದೆ ಎಂದರು. ಈ ಬಗ್ಗೆ ನನಗೆ ಈಗಲೂ ಸಿಟ್ಟಿದೆ. ತುಕ್ಕು ಹಿಡಿದು ನಿಂತ ಟ್ಯಾಂಕು ದಿನವೂ ಕಣ್ಣಿಗೆ ಬೀಳುತ್ತಿದ್ದರೆ, ಮಳೆನೀರು ಹಿಡಿಯುವುದೆಲ್ಲ ತೋರಿಕೆಯ ಕೆಲಸ ಎಂದೇ ಮಕ್ಕಳು ತಿಳಿಯುತ್ತಾರೆ.

ನಿಜವಾದ ನೆರವು ಬಂದದ್ದು ನಮ್ಮ ಒಬ್ಬ ವಿದ್ಯಾರ್ಥಿಯ ತಂದೆಯಿಂದ. ಅವರು ಬಾವಿ ತೋಡುವ ಮಣ್ಣು ವಡ್ಡರ ಕುಟುಂಬದವರು. ಈ ಸಮುದಾಯದವರ ಜೊತೆಗೂಡಿಯೇ ಬಯೋಮ್ ಟ್ರಸ್ಟ್ ನಗರದಲ್ಲಿ ಹತ್ತು ಲಕ್ಷ ಇಂಗುಬಾವಿಗಳ ಆಂದೋಲನ ನಡೆಸುತ್ತಿದೆ. ಕಬ್ಬನ್ ಪಾರ್ಕಿನ ಹೂಳು ತುಂಬಿದ್ದ ಹಳೆಯ ಬಾವಿಗಳು ಮತ್ತೆ ನೀರು ಕಂಡದ್ದೂ ಇಂಥವರ ಕೈಯಿಂದಲೇ. ಶಾಲೆಯ ಅಂಗಳದಲ್ಲಿ ಅವರು ಕುಕ್ಕರಗಾಲಲ್ಲಿ ಕೂತು, ಮೂರು ಬಗೆಯ ಮಣ್ಣನ್ನು ಸಾಲಾಗಿ ಹರಡಿ ಮಕ್ಕಳ ಕೈಯಲ್ಲೇ ನೀರು ಹುಯ್ಯಿಸಿದರು. "ಜೇಡಿ ಮೇಲೆ ನೀರು ನಿಂತ್ಕೊಳ್ತದೆ ನೋಡಿ ಮೇಡಂ. ಗರಸು ಸಿಗೋಗಂಟ ಇಳೀಬೇಕು. ಅಲ್ಲಿಂದ ಕೆಳಕ್ಕೆ ಅದೇ ದಾರಿ ಹುಡುಕ್ಕೊಳ್ತದೆ." ಇಂಗುಬಾವಿ ಹೇಗಿರಬೇಕೆಂದೂ ಹೇಳಿದರು: ಮೂರಡಿ ಅಗಲ, ಇಪ್ಪತ್ತಡಿ ಆಳ, ಸುತ್ತ ಸಿಮೆಂಟಿನ ರಿಂಗು, ಸುರಕ್ಷತೆಗೆ ಮೇಲೊಂದು ಮುಚ್ಚಳ. ಅಂತರ್ಜಲದ ಅಧ್ಯಾಯವನ್ನು ನಾನು ಎಷ್ಟೋ ಸಲ ಪಾಠ ಮಾಡಿದ್ದೇನೆ. ಆ ದಿನ ನಡೆದಷ್ಟು ಚೆನ್ನಾಗಿ ಎಂದೂ ನಡೆದಿರಲಿಲ್ಲ. ಅಪ್ಪ ಮಾತಾಡುತ್ತಿದ್ದಷ್ಟು ಹೊತ್ತೂ ಆ ಹುಡುಗ ಅವರ ಪಕ್ಕ ಎದೆಯುಬ್ಬಿಸಿ ನಿಂತಿದ್ದ.

ಆದ್ದರಿಂದ ನಮ್ಮ ಕೋರಿಕೆ ದೊಡ್ಡದೇನೂ ಅಲ್ಲ. ಜಲಮಂಡಳಿಯ ಎಂಜಿನಿಯರ್ ಒಬ್ಬರು ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಇನ್ನೊಂದು ಸಲ ಶಾಲೆಗೆ ಬರಲಿ. ಮೀಟರ್ ಓದುವುದನ್ನು, ಫಿಲ್ಟರ್ ಬಿಚ್ಚಿ ತೊಳೆಯುವುದನ್ನು ಮಕ್ಕಳಿಗೂ ನಮ್ಮ ಗ್ರೂಪ್ ಡಿ ನೌಕರರಿಗೂ ಕಲಿಸಲಿ. ಟ್ಯಾಂಕು ಕೊಡುವವರು ರಿಪೇರಿಗೂ ಒಂದಿಷ್ಟು ಹಣ ತೆಗೆದಿಡಲಿ. ಇಂಗುಬಾವಿ ತೋಡುವವರಿಗೆ ಸರಿಯಾದ ಕೂಲಿ ಸಿಗಲಿ, ಪಾಠ ಹೇಳಿದ ದಿನದ್ದೂ ಸೇರಿಸಿ. ಅರ್ಜಿ ಬರೆದವರು ಮಕ್ಕಳೇ. ಚಾವಣಿಯ ಅಳತೆ, ಗುಣಾಕಾರ, ನಲ್ಲಿಯ ಲೆಕ್ಕ ಎಲ್ಲವನ್ನೂ ಲಗತ್ತಿಸಿ, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ ಜಲಮಂಡಳಿಯ ಉಪವಿಭಾಗದ ಕಚೇರಿಗೆ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ.